ಗೆಣಸೆಂಬ ಎಲ್ಲೆಗೇಡಿ

ಸಮುದ್ರೋಲ್ಲಂಘನ ಮಾಡಿ ಬಂದ ಮಗನಿಗೆ ಪ್ರಾಯಶ್ಚಿತ್ತವಾಗದೆ ಪಂಕ್ತಿಯಲ್ಲಿ ಎಲೆ ಹಾಕಲೊಪ್ಪದಿದ್ದ ನಮ್ಮ ಹಿರಿಯರು, ಅಮೆರಿಕ ಖಂಡದ ಉಷ್ಣಪ್ರದೇಶದಲ್ಲಿ ಜನಿಸಿ, ಪೋರ್ತುಗೀಸರ ಹಡಗುಗಳನ್ನೇರಿ, ಒಂದಲ್ಲ ಎರಡು ಮಹಾಸಾಗರಗಳನ್ನು ದಾಟಿ ಬಂದ ಗೆಣಸನ್ನು ಮಾತ್ರ, ಗೋತ್ರಸೂತ್ರಗಳ ವಿಚಾರಣೆಯಿಲ್ಲದೆ ಏಕಾದಶಿಯ ಫಲಾಹಾರದ ಎಲೆಯ ಮೇಲೆ ಕುಳ್ಳಿರಿಸಿಕೊಂಡರೆಂಬುದು ನನಗೆ ಬಹುಕಾಲದ ವಿಸ್ಮಯ. ಇಲ್ಲಿಯೇ ಬೆಳೆದ ಅಕ್ಕಿಗೆ ಅಂದು ಅಡಿಗೆಮನೆಯಲ್ಲಿ ಪ್ರವೇಶವಿಲ್ಲ. ಈ ಪರದೇಶಿಗೆ ದೇವರ ಮುಂದೆ ಮಣೆ! ಸಂಕ್ರಾಂತಿಯ ದಿನವಾದರೋ, ಹಬೆಯಾಡುವ ತಟ್ಟೆಯಲ್ಲಿ ಅವರೆಕಾಯಿಯ ಪಕ್ಕದಲ್ಲಿ ಮುಗ್ಧವಾಗಿ ಮಲಗಿರುವ ಗೆಣಸೂ ಕಡಲೆಕಾಯಿಯೂ ತಾವಿಬ್ಬರು ಒಂದೇ ಖಂಡದವರೆಂಬ ಗುಟ್ಟನ್ನು ಇಂದಿನವರೆಗೂ ಯಾವ ಪುರೋಹಿತರ ಮುಂದೆಯೂ ಬಿಟ್ಟುಕೊಟ್ಟಿಲ್ಲ.

ಸಾಗರಗಳನ್ನೇ ಲೆಕ್ಕಿಸದ ಇಂಥ ಮಹಾಶಯನು ನನ್ನ ಹಿತ್ತಿಲ ಬೇಲಿಯನ್ನು ಮಾನ್ಯಮಾಡುವನೆಂದು ನಂಬುವುದೆಂತು? ಬೀಜದ ಹಂಗೂ ಇವನಿಗಿಲ್ಲ. ಬಲಿತ ಬಳ್ಳಿಯ ತುದಿಯನ್ನು ಮೂರು ನಾಲ್ಕು ಗೆಣ್ಣುಗಳಿರುವಂತೆ ಗೇಣುದ್ದ ಕತ್ತರಿಸಿ, ಒಂದೆರಡು ದಿನ ನೆರಳಿನಲ್ಲಿಟ್ಟು, 2 ಅಡಿ ಅಂತರದಲ್ಲಿ ಏರಿಸಿದ ಬೋದುಗಳ ಮೇಲೆ, ಎರಡು ಗೆಣ್ಣು ಮಣ್ಣಿನೊಳಗಾಗುವಂತೆ ಊರಿ ನೀರು ಚಿಮುಕಿಸಿದರೆ ಸಾಕು. ಮುಂದಿನದೆಲ್ಲ ಅವನ ಜವಾಬ್ದಾರಿ. ವಾತ್ಸಲ್ಯಾತಿಶಯದಿಂದ ಬುಟ್ಟಿಗಟ್ಟಲೆ ಗೊಬ್ಬರ ಸುರಿದಿರೋ, ನೋಡುವವರ ಕಣ್ಣು ತಣಿಯುವಷ್ಟು ಎಲೆಯನ್ನು ಹೊದ್ದು ನಿಲ್ಲುವನೇ ಹೊರತು, 4 ತಿಂಗಳ ತರುವಾಯ ಅಗೆದಾಗ ನಿಮ್ಮ ಕೈಗೆ ಸಿಗುವುದು ಬೆರಳಿಗಿಂತ ಕೃಶವಾದ ಬೇರು. ಶತ್ರುಗಳ ಬಾಧೆಗಿಂತಲೂ ಹಿತೈಷಿಗಳ ಬಾಧೆಯೇ ಈ ಬೆಳೆಗೆ ಹೆಚ್ಚು.

ಹರಿದ ಬಳ್ಳಿಯು ತಾನು ಮುಟ್ಟಿದ ನೆಲದಲ್ಲೆಲ್ಲ ಗೆಣ್ಣುಗೆಣ್ಣಿಗೂ ಬೇರೂರುವುದರಿಂದ, ಬುಡದ ಗೆಡ್ಡೆ ಸೊರಗದಂತೆ ಆಗಾಗ ಬಳ್ಳಿಯನ್ನೆತ್ತಿ ಹೊರಳಿಸಬೇಕೆಂಬುದು ಕೃಷಿಬಲ್ಲವರ ಮಾತು. ಆ ಪ್ರಕಾರ ನಾನು ಅದನ್ನು ಹಿಂದಕ್ಕೆಳೆದು ತರುವುದೂ, ನಾನು ಶಾಲೆಗೆ ಹೋದೊಡನೆ ಅದು ಮರಳಿ ಬೇಲಿಯ ಕಡೆಗೆ ಪ್ರಸ್ಥಾನ ಬೆಳೆಸುವುದೂ ನಿತ್ಯದ ವ್ಯವಹಾರವಾಯಿತು. ಆಚೆಯ ಮನೆಯವರು ನಿವೃತ್ತ ಶಿರಸ್ತೇದಾರರು. ಅವರ ಹಸುವಿಗೆ ಗೆಣಸಿನ ಬಳ್ಳಿಯೆಂದರೆ ಪರಮಾನ್ನ. ಕಡೆಗೊಂದು ಸಂಜೆ, ಬೇಲಿಯ ಬಳಿ ನಿಂತು, ನ್ಯಾಯಾಲಯದ ಗಾಂಭೀರ್ಯವನ್ನು ಮುಖದ ಮೇಲೆ ತಂದುಕೊಂಡು ಅವರೇ ತೀರ್ಪು ಹೇಳಿದರು:

“ನೋಡಿ ಮೇಷ್ಟ್ರೇ, ಬುಡ ನಿಮ್ಮ ಸ್ವತ್ತು, ತಕರಾರಿಲ್ಲ. ದಾಟಿ ಬಂದ ಬಳ್ಳಿ ನಮ್ಮ ಹಸುವಿನದು. ಈಚೆ ಕಚ್ಚಿದ ಗೆಡ್ಡೆ ನಮ್ಮ ಮನೆಯಾಕೆಯದು.”

“ಹಾಗಾದರೆ ಮೂತಿಹುಳು ಯಾರದು, ಸ್ವಾಮಿ?” ಎಂದೆ. ಮಣ್ಣಿನ ಬಿರುಕಿನಲ್ಲಿ ನುಸುಳಿ ಗೆಡ್ಡೆಯನ್ನು ಕೊರೆದು, ದನವೂ ಮೂಸದಷ್ಟು ಕಹಿಯಾಗಿಸುವ ಆ ಕೀಟವು ಅವರ ಕಡೆಯಿಂದಲೇ ಬಂದಿತೆಂಬುದು ನನ್ನ ವಾದ.

ಶಿರಸ್ತೇದಾರರು ಒಂದು ಚಿಟಿಕೆ ನಶ್ಯವನ್ನೇರಿಸಿ, “ಅದು ಅವಿಭಕ್ತ ಕುಟುಂಬದ ಸಾಲವಿದ್ದಂತೆ, ಇಬ್ಬರೂ ತೀರಿಸತಕ್ಕದ್ದು,” ಎಂದರು.

ಅಂದಿನಿಂದ ಬಿರುಕುಬಿಟ್ಟ ಬೋದುಗಳಿಗೆ ಮಣ್ಣೇರಿಸುವ ಕಾರ್ಯವು ಬೇಲಿಯ ಎರಡು ಪಕ್ಕಗಳಲ್ಲಿಯೂ ಪರಮ ಸೌಹಾರ್ದದಿಂದ ನಡೆದುಬರುತ್ತಿದೆ. ಮೇಲ್ವಿಚಾರಣೆ ಅವರದು, ಗುದ್ದಲಿ ನನ್ನದು.