ಉಪ್ಪುಕಾಗದ

2018ರ ಮಾರ್ಚ್. ಆಚಾರ್ರು ಬಾಗಿಲಿಗೆ ಉಪ್ಪುಕಾಗದ ತಿಕ್ಕುತ್ತಿದ್ದಾರೆ.

ಸೀನ: ಅನ್ಯಾಯ ಆಚಾರ್ರೇ! ಕೇಪ್‌ಟೌನ್‌ನಲ್ಲಿ ಕ್ರಿಕೆಟ್ ಚೆಂಡಿಗೆ ಉಪ್ಪುಕಾಗದ ತಿಕ್ಕಿದ್ದಕ್ಕೆ ಆಸ್ಟ್ರೇಲಿಯಾದ ಸ್ಮಿತ್, ವಾರ್ನರ್‌ಗೆ 12 ತಿಂಗಳು ನಿಷೇಧ!

ಆಚಾರ್ರು: ತಿಕ್ಕಿದ್ದು ಅವರೇನಾ?

ಸೀನ: ಅಲ್ಲ, ಬ್ಯಾಂಕ್ರಾಫ್ಟ್. ಅವನಿಗೆ 9 ತಿಂಗಳು.

ಆಚಾರ್ರು: ಓ, ಬಸಿರಿನ ಲೆಕ್ಕ. ಕಾಗದ ಬಚ್ಚಿಟ್ಟಿದ್ದೆಲ್ಲಿ?

ಸೀನ: ಚಡ್ಡಿಯೊಳಗೆ.

ಆಚಾರ್ರು: ಇದನ್ನಾ! ಶಿಕ್ಷೆ ಅಲ್ಲೇ ಆಯ್ತಲ್ಲಪ್ಪ.

ಸೀನ: ಸ್ಮಿತ್ ಕ್ಯಾಮೆರಾ ಮುಂದೆ ಅತ್ತೇಬಿಟ್ಟ, ಪಾಪ.

ಆಚಾರ್ರು: ಉಪ್ಪು ತಿಂದವನು ನೀರು ಕುಡೀಲೇಬೇಕು. ಇವನಿಗೆ ಕಣ್ಣೀರೇ ಸಿಕ್ತು.

ಸೀನ: ಟೆಸ್ಟಿನಲ್ಲಿ 61ರ ಸರಾಸರಿ ಇರೋನಿಗೆ ಇಂಥ ಶಿಕ್ಷೆಯಾ?

ಆಚಾರ್ರು: ತಪ್ಪೇ. 20ರ ಸರಾಸರಿಯವನನ್ನ ಹುಡುಕಿ ಕೊಡಬೇಕಿತ್ತು.

ಸೀನ: ಅದೇ ನಾನ್ ಹೇಳೋದು!

ಆಚಾರ್ರು: ಅಂದಹಾಗೆ, ನಿಮ್ಮನೆ ಬಾಗಿಲು ಸ್ವಲ್ಪ ಸೊಟ್ಟ ಕೂತಿದೆ.

ಸೀನ: ಏನು? ಕೂಲಿ ಕೊಡಲ್ಲ!

ಆಚಾರ್ರು: ನನ್ನ ಸರಾಸರಿ ನೋಡಪ್ಪ!