ಇರಿ, ಬಿಸಿಯಾಗಲಿ

ಕೋಲಾರ ಚಿನ್ನದ ಗಣಿ ಊರು ಕೆ.ಜಿ.ಎಫ್.ನ ಕೋರಮಂಡಲ್‌ನಲ್ಲಿರುವ ಅನಲಾಗಪ್ಪನವರ ಮನೆಗೆ ಹೋದವರು ಅಪ್ಪಿತಪ್ಪಿಯೂ ಒಂದು ಹಾಡು ನುಡಿಸಿ ಎಂದು ಕೇಳಬಾರದು. ಕೇಳಿದರೆ “ಇರಿ, ಬಿಸಿಯಾಗಲಿ” ಎನ್ನುತ್ತಾರೆ. ಕಾಫಿಯ ಮಾತಿರಬೇಕು ಎಂದು ಹೊಸಬರು ತಿಳಿಯುತ್ತಾರೆ. ಕಾಫಿ ಬಂದು, ಕುಡಿದಾಗಿ, ಲೋಟ ಒಳಗೆ ಹೋದ ಮೇಲೂ ಬಿಸಿಯಾಗಬೇಕಾದ್ದು ಬಿಸಿಯಾಗಿರುವುದಿಲ್ಲ. ಅದು ಮೂಲೆಯಲ್ಲಿ ಟವೆಲ್ ಹೊದ್ದು ಕೂತಿರುವ ಕಾರ್ಗ್ ಪಾಲಿಸಿಕ್ಸ್ ಎಂಬ ಸಿಂಥಸೈಜರ್. 1981ರ ಮಾಡೆಲ್.

ಅನಲಾಗಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ರೇಷನ್ ಕಾರ್ಡಿನಲ್ಲಿ ಬೇರೆ ಇದೆ, ಅದು ನೆನಪಿರುವುದು ಅವರ ಹೆಂಡತಿಗೆ ಮಾತ್ರ.

ಅವರು ವಿವರಿಸುವ ಪ್ರಕಾರ ಹಳೆಯ ಅನಲಾಗ್ ಕೀಬೋರ್ಡಿನೊಳಗೆ ರೆಕಾರ್ಡ್ ಮಾಡಿಟ್ಟ ದನಿ ಯಾವುದೂ ಇಲ್ಲ. ಆಸಿಲೇಟರ್ ಎಂಬ ಸರ್ಕ್ಯೂಟು ವೋಲ್ಟೇಜಿನ ಏರಿಳಿತಕ್ಕೆ ತಕ್ಕಂತೆ ಸ್ವರ ಹುಟ್ಟಿಸುತ್ತದೆ. ಸೆಕೆಯಾದರೆ ಸ್ವರ ಜಾರುತ್ತದೆ, ಚಳಿಯಾದರೆ ಇನ್ನೊಂದು ಕಡೆಗೆ ಜಾರುತ್ತದೆ. ಆದ್ದರಿಂದ ಸ್ವಿಚ್ ಹಾಕಿ ಅರ್ಧ ಗಂಟೆ ಕಾಯಬೇಕು, ಷಡ್ಜ ಷಡ್ಜದ ಜಾಗಕ್ಕೆ ಬರಬೇಕು. ಅದು ಬರುವ ಹೊತ್ತಿಗೆ ಕರೆಂಟು ಹೋಗುತ್ತದೆ. “1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಸಾರ್ ನಮ್ಮದು. ಬೆಂಗಳೂರಿಗೆ ಬಂದಿದ್ದು ಆಮೇಲೆ!” ಎಂದು ಅವರು ಕತ್ತಲಲ್ಲೇ ಅಭಿಮಾನಪಡುತ್ತಾರೆ. ಕರೆಂಟು ಬಂದ ಮೇಲೆ ಮತ್ತೆ ಅರ್ಧ ಗಂಟೆ.

ಈ ಗೀಳು ಎಲ್ಲಿಂದ ಅಂಟಿತು ಎಂದು ಹುಡುಕುತ್ತ ಬಹಳ ದೂರ ಹೋಗಬೇಕಿಲ್ಲ. ತಂದೆ ಗಣಿಯ ಎಲೆಕ್ಟ್ರಿಕಲ್ ವರ್ಕ್‌ಶಾಪಿನಲ್ಲಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮಗ ಊರಿನ ಎಲ್ಲರಂತೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಕೆಟ್ಟಿದ್ದನ್ನು ಬಿಚ್ಚದೆ ಬಿಡಬಾರದೆಂಬ ಮನೆತನದ ಹಟ ಮಾತ್ರ ಬಿಡಲಿಲ್ಲ. “ಮೂರು ಕಿಲೋಮೀಟರ್ ಆಳದಲ್ಲಿ ಮೋಟರ್ ಓಡಿಸಿದ ವಂಶ ನಮ್ಮದು, ಈ ಡಬ್ಬ ಏನು ಮಹಾ!” ಎನ್ನುತ್ತಾರೆ. ಡಬ್ಬಕ್ಕೆ ಇನ್ನೂ ಆ ಭಯ ಹುಟ್ಟಿಲ್ಲ.

ಎರಡನೆಯ ಡಬ್ಬ ರೋಲ್ಯಾಂಡ್ ಜೂನೋ-106, 1984ರಲ್ಲಿ ಬಂದದ್ದು. ಮುಚ್ಚಿಹೋದ ಮದುವೆ ಆರ್ಕೆಸ್ಟ್ರಾ ಒಂದರ ಅಟ್ಟದಲ್ಲಿ, ಮುರಿದ ಕಾಂಗೋ ಡ್ರಮ್ಮಿನ ಕೆಳಗೆ ಸಿಕ್ಕಿತು. ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿದು, ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿದಾಗ, ಎದುರು ಕೂತ ಅಜ್ಜಿ ಎರಡೂ ಕೈ ಮುಗಿದು “ಯಾರಪ್ಪಾ ಪಾಪ, ಎಷ್ಟು ವಯಸ್ಸು?” ಎಂದು ಕೇಳಿತಂತೆ. “ಮೂವತ್ತೈದು ದಾಟಿದೆ ಅಜ್ಜಿ. ಆರು ವಾಯ್ಸಲ್ಲಿ ಮೂರು ಹೋಗಿದೆ” ಎಂದರಂತೆ ಇವರು. ಅಜ್ಜಿ ಕಣ್ಣೊರೆಸಿಕೊಂಡಿತು.

ಜೂನೋದ ಕಾಯಿಲೆ ಜಗತ್ಪ್ರಸಿದ್ಧ. ಆರು ದನಿಗೆ ಆರು ಚಿಪ್ಪು, ಒಂದೊಂದರ ಮೇಲೂ ಕಪ್ಪು ರಾಳದ ಲೇಪ. ಹಳತಾದಂತೆ ಆ ಲೇಪವೇ ಚಿಪ್ಪಿಗೆ ಮುಳುವಾಗುತ್ತದೆ. ಹೊಸ ಚಿಪ್ಪನ್ನು ಕಂಪನಿ ಮಾಡುವುದು ನಿಲ್ಲಿಸಿ ಕಾಲವಾಯಿತು. ಇವರು ನಂಬುವ ಮದ್ದು ಒಂದೇ: ಬಿಚ್ಚಿ ಅಸಿಟೋನಿನಲ್ಲಿ ನೆನೆಹಾಕಿ, ಮೆತ್ತಗಾದ ಲೇಪವನ್ನು ಹುಷಾರಾಗಿ ಸುಲಿಯುವುದು. ಅನಲಾಗಪ್ಪ ಇದಕ್ಕೆ ಹೆಂಡತಿಯ ಗಾಜಿನ ಭರಣಿಯನ್ನೇ ಆರಿಸಿಕೊಂಡರು. ಚಿಪ್ಪುಗಳು ಅದರಲ್ಲಿ ಮಾವಿನಹೋಳಿನಂತೆ ಎರಡು ದಿನ ನೆನೆದವು. ಮೂರು ಚಿಪ್ಪಿನಲ್ಲಿ ಎರಡು ಬದುಕಿದವು. ಭರಣಿ ಮಾತ್ರ ಅಡುಗೆಮನೆಗೆ ಮರಳಲಿಲ್ಲ, ಆ ವರ್ಷ ಮನೆಯಲ್ಲಿ ಉಪ್ಪಿನಕಾಯಿಯೂ ಇರಲಿಲ್ಲ.

ಇನ್ನು ಧೂಳು. ಗಣಿಯವರು ಚಿನ್ನ ತೆಗೆದು ಬಿಟ್ಟುಹೋದ ಸೈನೈಡ್ ದಿಬ್ಬದಿಂದ ಗಾಳಿಗಾಲದಲ್ಲಿ ಏಳುವ ಹುಡಿ ಊರಿನ ಅನ್ನಕ್ಕೂ ಬೀಳುತ್ತದೆ, ಜೂನೋದ ಸ್ಲೈಡರಿಗೂ ಬೀಳುತ್ತದೆ. ಅನ್ನಕ್ಕೆ ಬಿದ್ದರೆ ಇವರು ಮಾತಾಡದೆ ಉಣ್ಣುತ್ತಾರೆ. ಸ್ಲೈಡರ್ ಕರಕರ ಅಂದರೆ ಮಾತ್ರ ರಜೆ ಹಾಕಿ, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸ್ಪ್ರೇ ತರುತ್ತಾರೆ. ಅಂಗಡಿಯವನು ಇವರನ್ನು ದೂರದಿಂದ ಕಂಡೇ “ಇಲ್ಲ ಸಾರ್” ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಾನೆ.

ಒಮ್ಮೆ ಭಾವಮೈದುನ ಪ್ರೀತಿಯಿಂದಲೇ ಜೂನೋದ ಪ್ಲಗ್ಗನ್ನು ಗೋಡೆಗೆ ಚುಚ್ಚಿಬಿಟ್ಟ. ಅದು ಜಪಾನಿನಲ್ಲಿ ಮಾರಿದ ಪೀಸು, ಬಯಸುವುದು 100 ವೋಲ್ಟ್. ನಮ್ಮ ಗೋಡೆ ಕೊಡುವುದು 230. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಸುಮ್ಮನೆ ಕೂತು ನೋಡುತ್ತಿತ್ತು. ಹೊಗೆಯ ನಂತರ ಆ ಭಾವಮೈದುನ ಹಬ್ಬಕ್ಕೂ ಬಂದಿಲ್ಲ. ಅನಲಾಗಪ್ಪನವರಿಗೆ ಮಾತ್ರ ಆ ಆರು ತಿಂಗಳು ಪರಮಸುಖ: ಪವರ್ ಸಪ್ಲೈ ಪೂರ್ತಿ ಬಿಚ್ಚಿ, ಊದಿದ ಕೆಪಾಸಿಟರುಗಳನ್ನು ಒಂದೊಂದಾಗಿ ಬದಲಿಸಿದರು. ನನಗನ್ನಿಸುವುದು, ಕೀಬೋರ್ಡು ಆರೋಗ್ಯವಾಗಿದ್ದರೆ ಇವರಿಗೆ ಊಟ ಸೇರುವುದಿಲ್ಲ.

ಯಮಾಹ ಡಿಎಕ್ಸ್7 ಹೆಸರೆತ್ತಿದರೆ ಮುಖ ಗಂಟಿಕ್ಕುತ್ತಾರೆ. 1983ರಲ್ಲಿ ಬಂದು ಲೋಕವನ್ನೆಲ್ಲ ಡಿಜಿಟಲ್ ಮಾಡಿ ಕೆಡಿಸಿದ್ದು ಅದೇ ಅಂತೆ. ಪಕ್ಕದ ಮನೆ ಹುಡುಗ ಐಪ್ಯಾಡಿನಲ್ಲಿ ಪಾಲಿಸಿಕ್ಸ್‌ನದೇ ಆ್ಯಪ್ ತೋರಿಸಿ, ಒಂದೇ ಬೆರಳಲ್ಲಿ ಇಳಯರಾಜ ಹಾಡೊಂದನ್ನು ತಪ್ಪಿಲ್ಲದೆ ನುಡಿಸಿದ. “ದಪ್ಪ ಇಲ್ಲ” ಎಂದರು ಇವರು. ಹುಡುಗ ಟ್ಯೂನ್ ಹೇಗಿತ್ತು ಅಂಕಲ್ ಎಂದ. “ಟ್ಯೂನ್ ಯಾರು ಕೇಳಿದ್ರು? ದಪ್ಪ ಇಲ್ಲ.”

ಸೋಲುವ ಹೊತ್ತಿಗೆ ತೆಗೆಯುವ ಬ್ರಹ್ಮಾಸ್ತ್ರವೆಂದರೆ ಚರಣ್‌ಜಿತ್ ಸಿಂಗ್. ಹಿಂದಿ ಸಿನಿಮಾಗಳಿಗೆ ವಾದ್ಯ ನುಡಿಸುತ್ತಿದ್ದ ಈ ಮುಂಬೈ ಕಲಾವಿದ 1982ರಲ್ಲಿ ರೋಲ್ಯಾಂಡ್‌ನ ಜುಪಿಟರ್-8, ಟಿಬಿ-303, ಟಿಆರ್-808 ಮೂರನ್ನೂ ಜೋಡಿಸಿ, ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ರೆಕಾರ್ಡ್ ಮಾಡಿದರು. ಆಗ ಕೇಳುವವರಿರಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ ಯುರೋಪಿನವರು ಬೆರಗಾದರು.

“ನೋಡು, ಇಂಥ ಮೆಷಿನ್ನಿನಿಂದಲೇ ಜಗತ್ತು ಗೆದ್ದರು” ಎಂದು ಅನಲಾಗಪ್ಪ ಹೆಂಡತಿಗೆ ಹೇಳಿದರು.

“ಅವರು ನುಡಿಸಿದ್ರು ಕಣ್ರೀ” ಎಂದರು ಆಕೆ, ಸೊಪ್ಪು ಬಿಡಿಸುತ್ತ.

ಅನಲಾಗಪ್ಪ ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ. “ಅವರದ್ದು ಆಗ ಹೊಸ ಮೆಷಿನ್ ಕಣೇ. ಹೊಸದರಲ್ಲಿ ಯಾರು ಬೇಕಾದ್ರೂ ನುಡಿಸ್ತಾರೆ.”