ಕೋಶ ತಿಂದ ಮಾಸ್ತರ

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರೆಲ್ಲ ಒಮ್ಮೆಯಾದರೂ ಗಾಳಿಗುಳ್ಳೆಯ ಚಿತ್ರ ಬರೆದೇ ಇರುತ್ತೀರಿ. ನಾನು ಬರೆದಿಲ್ಲ ಎನ್ನುವವರು ಪಕ್ಕದವರ ರೆಕಾರ್ಡ್ ನೋಡಿ ಬರೆದವರು, ಅಷ್ಟೇ. ರಾಯಚೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ನನಗೆ ಮೊದಲ ಸಲ ಸೂಕ್ಷ್ಮದರ್ಶಕ ಸಿಕ್ಕಿತು. ಉಳ್ಳಾಗಡ್ಡಿಯ ಒಳಪದರದಿಂದ ತೆಳ್ಳಗಿನ ಸಿಪ್ಪೆ ಎತ್ತಬೇಕು, ಗಾಜಿನ ಪಟ್ಟಿಯ ಮೇಲಿನ ನೀರಹನಿಯಲ್ಲಿ ಹಾಸಬೇಕು, ಸೂಜಿಯ ಆಸರೆಯಲ್ಲಿ ಕವರ್ ಸ್ಲಿಪ್ಪನ್ನು ಓರೆಯಾಗಿ, ಮೆಲ್ಲಗೆ ಇಳಿಸಬೇಕು. ಮೆಲ್ಲಗೆ ಎಂಬುದು ನನ್ನ ಜಾತಕದಲ್ಲಿ ಇಲ್ಲ. ಟಪ್ಪನೆ ಕೆಡವಿದೆ. ಕಣ್ಣಿಟ್ಟು ನೋಡಿದರೆ ಆಹಾ! ದುಂಡಗೆ, ದಪ್ಪ ಕಪ್ಪು ಅಂಚಿನ, ನಡುವೆ ಥಳಥಳ ಹೊಳೆಯುವ ಜೀವಕೋಶಗಳು. ಪೆನ್ಸಿಲ್ ಚೂಪು ಮಾಡಿ ಮಾಡಿ ಬರೆದೆ. ಕಪ್ಪು ಅಂಚಿಗೆ ಕೋಶಭಿತ್ತಿ ಎಂದು ಹೆಸರಿಟ್ಟೆ, ನಡುವಿನ ಹೊಳಪಿಗೆ ರಸದಾನಿ ಎಂದೆ, ಮಸೂರದ ಮೇಲೆ ಕೂತ ಧೂಳಿನ ಕಣಕ್ಕೆ ಕೋಶಕೇಂದ್ರದ ಪಟ್ಟ ಕಟ್ಟಿದೆ. ರೆಕಾರ್ಡ್ ವಾಪಸ್ ಬಂದಾಗ ಚಿತ್ರದ ಕೆಳಗೆ ಕೆಂಪು ಶಾಯಿಯಲ್ಲಿ ಎರಡೇ ಪದ: ‘ಇದು ಗಾಳಿ.’

ಸಮಾಧಾನಕ್ಕೆ ನಾನು ಇತಿಹಾಸದ ಮೊರೆ ಹೋದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಹೋಳನ್ನು ನೋಡಿ ಮೊದಲ ಬಾರಿಗೆ ಕೋಶ ಎಂದು ಕರೆದನಲ್ಲ, ಅವನು ಕಂಡದ್ದಾದರೂ ಏನು? ಸತ್ತ ಕೋಶಗಳ ಖಾಲಿ ಗೋಡೆ. ಒಳಗಿದ್ದದ್ದು ಗಾಳಿಯೇ! ಆದರೆ ಅವನ ಗಾಳಿಗೆ ಗೋಡೆ ಇತ್ತು, ನನ್ನದಕ್ಕೆ ಅದೂ ಇರಲಿಲ್ಲ. ಧೂಳಿನ ಕಣದ ವಿಷಯದಲ್ಲಂತೂ ಯಾರೂ ನನ್ನ ಸಹಾಯಕ್ಕೆ ಬರಲಿಲ್ಲ. 1831ರಲ್ಲಿ ಕೋಶಕೇಂದ್ರಕ್ಕೆ ಹೆಸರಿಟ್ಟ ರಾಬರ್ಟ್ ಬ್ರೌನ್ ಮಸೂರ ಒರೆಸಿಕೊಂಡೇ ಕೂತಿದ್ದಿರಬೇಕು.

ಇಂಥವನು ಮುಂದೆ ಜೀವಶಾಸ್ತ್ರದ ಅತಿಥಿ ಉಪನ್ಯಾಸಕನಾದ. ಅತಿಥಿ ಎಂದರೆ ಕರೆದಾಗ ಹೋಗಬೇಕು, ಕೊಟ್ಟಾಗ ತೊಗೋಬೇಕು. ವಾರದ ಕೆಲವು ದಿನ ಮಾನ್ವಿ, ಕೆಲವು ದಿನ ದೇವದುರ್ಗ, ಉಳಿದ ಹೊತ್ತು ರಾಯಚೂರಿನ ಬಸ್ ನಿಲ್ದಾಣ. ಮಾನ್ವಿಯಲ್ಲಿ ಮೊದಲ ಪಾಠಕ್ಕೆ ಚೀಲದ ತುಂಬ ಉಳ್ಳಾಗಡ್ಡಿ ಒಯ್ದೆ. ಹಳೆಯ ಅವಮಾನ ತೊಳೆದುಕೊಳ್ಳಬೇಕಿತ್ತಲ್ಲ, ತರಗತಿಗೆ ಮುಂಚೆ ಸಿಬ್ಬಂದಿ ಕೋಣೆಯಲ್ಲೇ ಕೂತು ಒಂದಾದ ಮೇಲೊಂದು ಕೊಯ್ದೆ. ಉಳ್ಳಾಗಡ್ಡಿಯ ಸಂಸಾರ ನಿಮಗೆ ಗೊತ್ತಿರಬೇಕು. ಕೋಶದ್ರವ್ಯದಲ್ಲಿ ಗಂಧಕದ ಸಂಯುಕ್ತ, ರಸದಾನಿಯೊಳಗೆ ಅದನ್ನು ಒಡೆಯುವ ಕಿಣ್ವ. ನಡುವೆ ಒಂದು ಪೊರೆ. ಪೊರೆ ಇರುವವರೆಗೆ ಇಬ್ಬರೂ ಸುಮ್ಮನೆ ಇರುತ್ತಾರೆ. ಚಾಕು ಬಿತ್ತೋ, ಪೊರೆ ಹರಿದು ಇಬ್ಬರೂ ಮುಖಾಮುಖಿ. ಹುಟ್ಟುವ ಅನಿಲ ಬಂದು ಬಡಿಯುವುದು ಮೂರನೆಯವನ ಕಣ್ಣಿಗೆ. ಆ ಮೂರನೆಯವನು ನಾನು. ಧಾರಾಕಾರ ಅಳುತ್ತಿದ್ದೇನೆ, ಹಿರಿಯ ಸಹೋದ್ಯೋಗಿಯೊಬ್ಬರು ಒಳಗೆ ಬಂದರು. ಹೆಗಲ ಮೇಲೆ ಕೈಯಿಟ್ಟು, “ಸರ, ಅಳಬ್ಯಾಡ್ರಿ. ಈ ತಿಂಗಳದ್ದೂ ಪಗಾರ ಬಂದಿಲ್ಲೇನು?” ಎಂದರು. ಬಂದಿರಲಿಲ್ಲ. ಇದು ಉಳ್ಳಾಗಡ್ಡಿಯ ಕಣ್ಣೀರು ಎಂದು ಹೇಳುವ ಮನಸ್ಸಾಗಲಿಲ್ಲ. ಅವರು ಚಹಾ ತರಿಸಿದರು, ಜತೆಗೆ ಖರ್ಚಿಗೆ ಇರಲಿ ಎಂದು ನೋಟೊಂದನ್ನು ಜೇಬಿಗೆ ತುರುಕಿದರು. ಈಸಿಕೊಂಡೆ. ಇನ್ನೂ ಕೊಟ್ಟಿಲ್ಲ.

ಸಸ್ಯಕೋಶ ಕೈಕೊಟ್ಟಿತು, ಪ್ರಾಣಿಕೋಶಕ್ಕೆ ಹೋಗೋಣ ಎಂದುಕೊಂಡೆ. ಕೆನ್ನೆಯ ಒಳಮೈಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದರೆ ಚಪ್ಪಟೆ ಕೋಶಗಳು ಸಿಗುತ್ತವೆ. ಒಂದು ಹನಿ ಮೆಥಿಲೀನ್ ಬ್ಲೂ ಹಾಕಿದರೆ ಕೋಶಕೇಂದ್ರದೊಳಗಿನ ಡಿಎನ್ಎ ಆ ಬಣ್ಣವನ್ನು ಹಿಡಿದುಕೊಂಡು ಕಡುನೀಲಿಯಾಗಿ ಎದ್ದು ಕಾಣುತ್ತದೆ. ಬಾಯಿ ಸ್ವಚ್ಛ ಮುಕ್ಕಳಿಸಿರಬೇಕು ಎಂಬುದೊಂದೇ ನಿಯಮ. ನಾನು ಮಾನ್ವಿ ಬಸ್ ನಿಲ್ದಾಣದಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ಮುಗಿಸಿ ನೇರ ತರಗತಿಗೆ ಹೋಗಿದ್ದೆ. ನನ್ನದೇ ಕೆನ್ನೆ ಕೆರೆದು, ಪಟ್ಟಿ ಸಿದ್ಧಮಾಡಿ, ಬನ್ನಿ ಮಕ್ಕಳೇ, ಇದು ಮನುಷ್ಯನ ಕೋಶ ಎಂದೆ. ಮಕ್ಕಳು ಸಾಲಾಗಿ ನೋಡಿದರು. ಒಬ್ಬ ಹುಡುಗ ಬಹಳ ಹೊತ್ತು ಕಣ್ಣಿಟ್ಟು, ಅತ್ಯಂತ ವಿನಯದಿಂದ ಹೇಳಿದ: “ಸರ, ಕೋಶ ಒಂದೆರಡು ಅದಾವ್ರಿ. ಉಳದದ್ದೆಲ್ಲ ಕಡ್ಲಿಹಿಟ್ಟು ಕಾಣ್ತದ.”

ಆ ಗಡಿಬಿಡಿಯಲ್ಲಿ ಬಣ್ಣದ ಸೀಸೆಯ ಮುಚ್ಚಳ ಸಡಿಲ ಬಿಟ್ಟು ಜೇಬಿಗೆ ಇಳಿಸಿದ್ದೆ. ಸೋರಿದ್ದನ್ನೆಲ್ಲ ಕರವಸ್ತ್ರ ಹೀರಿಕೊಂಡಿತು. ಆ ಕರವಸ್ತ್ರದಿಂದ ಬಸ್ಸಿನಲ್ಲಿ ಬೆವರು ಒರೆಸಿಕೊಂಡೆ. ನಮ್ಮ ರಾಯಚೂರು ಸೀಮೆಯ ಬಿಸಿಲಿನಲ್ಲಿ ಬೆವರು ಒರೆಸುವುದೆಂದರೆ ಒಂದು ಸಲದ ಕೆಲಸವಲ್ಲ. ಪಕ್ಕದಲ್ಲಿ ಕೂತ ಅಜ್ಜಿ ನನ್ನ ಮುಖ ನೋಡಿದವರೇ ಚೀರಿದರು: “ಯಪ್ಪಾ! ತುಟಿ ನೀಲಿ ಆಗ್ಯಾವಲ್ಲೋ ತಮ್ಮಾ, ಹಾವು ಕಡೀತೇನು?” ಬಸ್ ನಿಂತಿತು. ಯಾರೋ ಟವೆಲ್ ಹರಿದು ನನ್ನ ಕಾಲಿಗೆ ಬಿಗಿದರು. ಮತ್ತ್ಯಾರೋ ಕಚ್ಚಿದ ಗುರುತು ಹುಡುಕಲು ಪ್ಯಾಂಟು ಮಡಚಿದರು. “ಹಾವಲ್ರೀ, ಮೆಥಿಲೀನ್ ಬ್ಲೂ!” ಎಂದು ಕೂಗಿದೆ. “ವಿಷದ ಹೆಸರೂ ಹೇಳಾಕತ್ಯಾರ, ಲಗೂ ದವಾಖಾನಿಗೆ ಹೊಡೀರಿ” ಎಂದು ಹಿಂದಿನ ಸೀಟಿನಿಂದ ಆಜ್ಞೆ ಬಂತು. ಅಷ್ಟೂ ಜನ ತಮ್ಮ ತಮ್ಮ ನಿಲ್ದಾಣ ಬಿಟ್ಟು ನನ್ನನ್ನು ದವಾಖಾನೆಗೆ ಮುಟ್ಟಿಸಿದರು. ಅಂಥ ಪುಣ್ಯವಂತರು. ಅಲ್ಲಿದ್ದ ಕಿರಿಯ ವೈದ್ಯರು ಕರವಸ್ತ್ರ ನೋಡಿ ನಕ್ಕು, ರಕ್ತ ಕೆಟ್ಟು ಮೈ ನೀಲಿಗಟ್ಟುವ ಮೆಥೆಮೊಗ್ಲೋಬಿನೀಮಿಯಾ ಎಂಬ ತೊಂದರೆಗೆ ತಾವು ಕೊಡುವ ಮದ್ದೇ ಮೆಥಿಲೀನ್ ಬ್ಲೂ ಎಂದು ತಿಳಿಸಿದರು. ಮದ್ದು ಬಳಿದುಕೊಂಡೇ ರೋಗಿಯಾಗಿ ಹೋದವನು ಕಲ್ಯಾಣ ಕರ್ನಾಟಕದಲ್ಲಿ ನಾನೊಬ್ಬನೇ ಇರಬೇಕು. ಬಣ್ಣ ಬಿಡುವವರೆಗೆ ರಾಯಚೂರಿನ ತೀನ್ ಕಂದೀಲ್ ವೃತ್ತದ ಕಡೆ ತಲೆ ಹಾಕಲಿಲ್ಲ.

ಅಭಿಸರಣದ ಪಾಠಕ್ಕೆ ವಿನೆಗರ್‌ನಲ್ಲಿ ತತ್ತಿ ನೆನೆಹಾಕಿ, ಚಿಪ್ಪಿನ ಸುಣ್ಣವೆಲ್ಲ ಕರಗಿಸಿ, ಬರೀ ಪೊರೆಯ ತತ್ತಿಯನ್ನು ನೀರಿಗೆ ಬಿಟ್ಟದ್ದು, ಅದು ನೀರು ಹೀರಿ ಹೀರಿ ಉಬ್ಬಿ, ತೋರಿಸಲು ಕೈಗೆತ್ತಿಕೊಂಡಾಗ ಹಾಜರಿ ಪುಸ್ತಕದ ಮೇಲೆ ಒಡೆದದ್ದು, ಆ ಪುಸ್ತಕವನ್ನು ನಾನು ಬಿಸಿಲಿಗೆ ಒಣಗಿಸಿದ್ದು, ಆ ವಾಸನೆಗೆ ತರಗತಿಯೇ ಗೈರುಹಾಜರಾದದ್ದು, ಇದನ್ನೆಲ್ಲ ಇಲ್ಲಿ ವಿಸ್ತರಿಸುವುದಿಲ್ಲ.

ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರ ಬರೆದು ಕನ್ನಡಿಗರನ್ನು ನಗಿಸಿದರು. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ನಾನು ಏನೂ ಬರೆಯದೆ, ಬರೀ ಪಾಠ ಮಾಡಿಯೇ ನಗಿಸುತ್ತಿದ್ದೆ. ಪ್ರಶಸ್ತಿಯ ಬದಲು ದೇವದುರ್ಗದಿಂದ ಕರೆ ಬಂತು: ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನದ ಪ್ರದರ್ಶನ, ಕೋಶದ ಮಾದರಿ ನಿಮ್ಮದೇ ಹೊಣೆ. ಥರ್ಮಾಕೋಲಿನ ಮಾದರಿ ಎಲ್ಲರೂ ಮಾಡುತ್ತಾರೆ, ನಾನು ತಿನ್ನುವ ಕೋಶ ಮಾಡುತ್ತೇನೆ ಎಂದು ಸಾರಿಬಿಟ್ಟೆ. ಮನೆಯ ದೊಡ್ಡ ಪರಾತ ತೆಗೆದುಕೊಂಡೆ. ಕೋಶದ್ರವ್ಯಕ್ಕೆ ಪೊಟ್ಟಣದ ಕೆಂಪು ಜೆಲ್ಲಿ. ನಡುವೆ ಕೋಶಕೇಂದ್ರವಾಗಿ ನಿಂಬೆಹಣ್ಣಿನ ಗಾತ್ರದ ಗುಲಾಬ್ ಜಾಮೂನು. ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳ ಜಾಗದಲ್ಲಿ ಕರ್ಜಿಕಾಯಿ. ಪ್ರೋಟೀನುಗಳನ್ನು ಪೊಟ್ಟಣ ಕಟ್ಟಿ ಸಾಗಿಸುವ ಗಾಲ್ಗಿ ಸಂಕೀರ್ಣಕ್ಕೆ ಜಿಲೇಬಿ. ಎಂಡೋಪ್ಲಾಸ್ಮಿಕ್ ಜಾಲಕ್ಕೆ ಶ್ಯಾವಿಗೆ, ಅದರ ಮೇಲೆ ಅಂಟಿಕೊಂಡ ರೈಬೋಸೋಮುಗಳಿಗೆ ಗಸಗಸೆ. ಹಳೆಯ ಭಾಗಗಳನ್ನು ಜೀರ್ಣಿಸುವ ಲೈಸೋಸೋಮುಗಳಿಗೆ ಬೂಂದಿಕಾಳು. ಹೆಂಡತಿ ಬಾಗಿಲಲ್ಲಿ ನಿಂತು ಇಷ್ಟೂ ನೋಡಿ, “ಇದನ್ನ ಪಾಠ ಮಾಡ್ತೀರೋ, ಉಣ್ತೀರೋ?” ಎಂದಳು. ವಿಜ್ಞಾನದ ಬಗ್ಗೆ ಆಕೆಗಿರುವ ದೂರದೃಷ್ಟಿ ನನಗಿಲ್ಲ.

ನಾನು ತಂದ ಪೊಟ್ಟಣದ ಜೆಲ್ಲಿ ದೇಹದ ಬಿಸಿಗೇ ಕರಗುವ ಪದಾರ್ಥ. ನಾಲಿಗೆಯ ಮೇಲೆ ಇಟ್ಟರೆ ನೀರಾಗುವುದು ಅದಕ್ಕೇ. ಫೆಬ್ರುವರಿ ಕೊನೆಯ ರಾಯಚೂರು ಬಸ್ಸಿನೊಳಗಿನ ಬಿಸಿ ಅದಕ್ಕೆ ಸಾಲದೇ? ಊರು ದಾಟುವಾಗಲೇ ಕೋಶದ್ರವ್ಯ ತುಳುಕಾಡತೊಡಗಿತು. ಗಬ್ಬೂರಿನ ಹತ್ತಿರ ಎಮ್ಮೆಯೊಂದು ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದರು. ಮೈಟೋಕಾಂಡ್ರಿಯಾಗಳು ಒಂದು ದಡಕ್ಕೆ ಬಂದು ಗುಡ್ಡೆಯಾದವು. ಗಾಲ್ಗಿ ನನ್ನ ಅಂಗಿಗೆ ಅಂಟಿತು. ಕೋಶಕೇಂದ್ರ ಮಾತ್ರ ಪುಟಿದೆದ್ದು, ಪರಾತದ ಅಂಚು ಹಾರಿ, ಸೀಟುಗಳ ಕೆಳಗೆ ಉರುಳುತ್ತ ಕಣ್ಮರೆಯಾಯಿತು. ಮೊಣಕಾಲೂರಿ ತೆವಳಿ ಹುಡುಕಿದೆ. “ಏನು ಕಳೀತ್ರಿ ಸರ?” ಎಂದು ಕಂಡಕ್ಟರ್ ಕೇಳಿದರು. “ಕೋಶಕೇಂದ್ರ” ಎಂದೆ. ಅವರು ಪಾಪ, ಬೆಲೆಬಾಳುವ ವಸ್ತುವೇ ಇರಬೇಕೆಂದು ಎಲ್ಲ ಪ್ರಯಾಣಿಕರನ್ನೂ ಕಾಲೆತ್ತಿಸಿದರು. ಸಿಗಲಿಲ್ಲ.

ದೇವದುರ್ಗ ಮುಟ್ಟಿ, ಜೆಲ್ಲಿಯನ್ನು ಮಂಜುಗಡ್ಡೆಯ ಮೇಲಿಟ್ಟು ಮತ್ತೆ ಗಟ್ಟಿ ಮಾಡಿಸಿ, ಕರ್ಜಿಕಾಯಿಗಳನ್ನು ಸಾಲಿಗೆ ಕೂರಿಸಿದೆ. ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ ಕಪ್ಪು ಕಾಗದದ ಮೇಲೆ ಒಂದೇ ಒಂದು ಹತ್ತಿ ಎಳೆ ಅಂಟಿಸಿ, ಕೆಳಗೆ ‘ಇದು ಒಂದು ಕೋಶ’ ಎಂದು ಬರೆದು ನಿಂತಿದ್ದಳು. ನಿಜವೇ. ಹತ್ತಿಬೀಜದ ಹೊರಸಿಪ್ಪೆಯ ಒಂದು ಕೋಶ, ಹೂ ಅರಳುವ ಹೊತ್ತಿಗೆ ಬೆಳೆಯಲು ಶುರುಮಾಡಿ ಸುಮಾರು 3 ಸೆಂಟಿಮೀಟರ್ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಒಳಗೆ ಪದರ ಪದರವಾಗಿ ಸೆಲ್ಯುಲೋಸ್ ತುಂಬಿಕೊಳ್ಳುತ್ತದೆ. ಅಗಲ ಕೂದಲಿಗಿಂತ ಕಡಿಮೆ. ಸೂಕ್ಷ್ಮದರ್ಶಕ ಬೇಡ, ಬಣ್ಣ ಬೇಡ, ಪರಾತವಂತೂ ಬೇಡವೇ ಬೇಡ. ರಾಯಚೂರಿನ ಹತ್ತಿ ಮಾರುಕಟ್ಟೆಯ ಮುಂದೆ ವರ್ಷಗಟ್ಟಲೆ ಓಡಾಡಿದ ನನ್ನ ಅಂಗಿ ತುಂಬ ಅಂಟಿದ್ದ ಕೋಶಗಳನ್ನು ನಾನು ದಿನಾ ಸಂಜೆ ಝಾಡಿಸಿ ಚೆಲ್ಲುತ್ತಿದ್ದೆ. ಜನವೆಲ್ಲ ಆಕೆಯ ಮೇಜಿಗೆ ಮುತ್ತಿದ್ದರು. ನನ್ನ ಮೇಜಿಗೆ ಮುತ್ತಿದ್ದು ಇರುವೆಗಳು.

ಅಷ್ಟರಲ್ಲಿ ಒಬ್ಬ ಹುಡುಗ ಬಂದು ಪರಾತದ ನಡುವಿನ ತಗ್ಗು ನೋಡಿದ. “ಸರ, ಕೋಶಕೇಂದ್ರ ಎಲ್ಲ್ಯದರೀ?” ಬಸ್ಸಿನಲ್ಲಿದೆ ಎನ್ನಲು ನಾಲಿಗೆ ಹೊರಳಲಿಲ್ಲ. “ಇದು ಮನುಷ್ಯನ ಕೆಂಪು ರಕ್ತಕಣ. ಬೆಳೆದ ಕಣಕ್ಕೆ ಕೋಶಕೇಂದ್ರ ಇರೋದಿಲ್ಲ” ಎಂದೆ, ನನ್ನ ಜಾಣತನಕ್ಕೆ ನಾನೇ ಬೆರಗಾಗಿ. ಹತ್ತಿ ಎಳೆಯ ಹುಡುಗಿ ಅಲ್ಲಿಂದಲೇ ಕತ್ತೆತ್ತಿದಳು. “ಅದಕ್ಕ ಮೈಟೋಕಾಂಡ್ರಿಯಾನೂ ಇರಂಗಿಲ್ರಿ ಸರ.” “ಯಾರು ಹೇಳಿದ್ರು?” “ನೀವೇ ಹೇಳೀರಿ, ಹ್ವಾದ ವಾರ.”

ಮುಖ್ಯ ಅತಿಥಿಗಳು ಬಾಗಿಲಿಗೆ ಬಂದಿದ್ದರು. ಬೇರೆ ದಾರಿ ಕಾಣಲಿಲ್ಲ. ಒಂದು ಕರ್ಜಿಕಾಯಿ ಬಾಯಿಗೆ ಹಾಕಿಕೊಂಡೆ, ಇನ್ನೊಂದು ಹಾಕಿಕೊಂಡೆ, ಮೈಟೋಕಾಂಡ್ರಿಯಾ ಖಾಲಿ. “ಗಾಲ್ಗಿನೂ ಇರಂಗಿಲ್ರಿ” ಎಂದ ಹುಡುಗ, ಸಹಾಯ ಮಾಡುವ ದನಿಯಲ್ಲಿ. ಜಿಲೇಬಿ ಹೋಯಿತು. “ರೈಬೋಸೋಮು?” ಶ್ಯಾವಿಗೆಯನ್ನು ಗಸಗಸೆ ಸಮೇತ ಎರಡೂ ಕೈಯಿಂದ ನುಂಗಿದೆ. ಹಿಮೋಗ್ಲೋಬಿನ್ ತುಂಬಿಕೊಳ್ಳಲು ಜಾಗ ಸಿಗಲೆಂದು ರಕ್ತಕಣವು ಬೆಳೆಯುವಾಗ ತನ್ನೊಳಗಿನ ಅಂಗಕಗಳನ್ನೆಲ್ಲ ಕಳೆದುಕೊಳ್ಳುತ್ತದೆ. ನಾನು ಅದನ್ನು ಮೇಜಿನ ಹಿಂದೆ ಬಗ್ಗಿ ಕೂತು ನಿಮಿಷದೊಳಗೆ ಮುಗಿಸಿದೆ. ಬೂಂದಿಕಾಳಿನ ಪಾಲಿಗೆ ಮಕ್ಕಳೂ ಕೈಜೋಡಿಸಿದರು. ಅತಿಥಿಗಳು ಎದುರು ನಿಂತಾಗ ಪರಾತದಲ್ಲಿ ಉಳಿದದ್ದು ದುಂಡನೆಯ ಕೆಂಪು ಜೆಲ್ಲಿ, ನಡುವೆ ಜಾಮೂನು ಬಿಟ್ಟುಹೋದ ತಗ್ಗು. “ಛಲೋ ಮಾಡೀರಿ! ಕೆಂಪು ರಕ್ತಕಣ ಅಲ್ಲೇನ್ರೀ? ನಡುವಿನ ತಗ್ಗು ಸೈತ ಬರೋಬ್ಬರಿ ಅದ” ಎಂದರು. ಅದರ ಕೆಲಸ ಎರಡು ಮಾತಿನಲ್ಲಿ ಹೇಳಿ ಎಂದೂ ಕೇಳಿದರು. ಬಾಯಲ್ಲಿ ಇನ್ನೂ ಗಾಲ್ಗಿ ಇತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನೆ ತಲೆಯಾಡಿಸಿದೆ. “ಇಂಥ ಭಾವುಕ ಮಾಸ್ತರು ಈಗ ಸಿಗೂದಿಲ್ಲ” ಎಂದು ಶಾಲು ಹೊದಿಸಿ ಹೋದರು. ಹತ್ತಿ ಶಾಲು!

ಬಹುಮಾನ ಹತ್ತಿ ಎಳೆಗೆ ಹೋಯಿತು, ಸರಿಯಾಗಿಯೇ ಹೋಯಿತು. ನನಗೆ ಹೊಟ್ಟೆನೋವು ಬಂತು, ತಲೆ ಸುತ್ತಿತು, ಹೆಂಡತಿ ಎಳೆದುಕೊಂಡು ವೈದ್ಯರ ಹತ್ತಿರ ಹೋದಳು. ಅವತ್ತೊಂದೇ ದಿನ ಸಿಹಿ ತಿಂದದ್ದು ಡಾಕ್ಟರೇ, ಅದೂ ಶೈಕ್ಷಣಿಕ ಕಾರಣಕ್ಕೆ, ಎಂದು ಪ್ರಮಾಣ ಮಾಡಿದೆ. ಅವರು ಎಚ್‌ಬಿಎ1ಸಿ ಎಂಬ ಪರೀಕ್ಷೆ ಬರೆದುಕೊಟ್ಟರು. ರಕ್ತದಲ್ಲಿನ ಸಕ್ಕರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಆ ಕಣ ಸಾಯುವವರೆಗೆ ಬಿಡುವುದಿಲ್ಲ. ಹಾಗಾಗಿ ಅದನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ವರದಿ ಬಂತು. ಸಂಕ್ರಾಂತಿಯ ಹೋಳಿಗೆ, ಗೆಳೆಯನ ಮಗನ ಮದುವೆಯ ಬೂಂದಿಲಾಡು, ಮಾನ್ವಿ ನಿಲ್ದಾಣದಲ್ಲಿ ಮಿರ್ಚಿಯ ಖಾರ ಇಳಿಸಲೆಂದು ತಿಂದ ಜಿಲೇಬಿ, ಎಲ್ಲದಕ್ಕೂ ಸಾಕ್ಷಿ ಸಿಕ್ಕಿತ್ತು. ಕೋಶದ ರಚನೆ ಮತ್ತು ಕಾರ್ಯವನ್ನು ನನ್ನ ಹೆಂಡತಿ ಆ ಒಂದು ಹಾಳೆಯಿಂದ ಎಷ್ಟು ಚೊಕ್ಕ ಕಲಿತಳೆಂದರೆ, ಅಷ್ಟು ಚೊಕ್ಕ ನಾನು ಯಾರಿಗೂ ಕಲಿಸಿಲ್ಲ.

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಈಗಿರುವ ಸಾಕ್ಷಿಗಳೆಲ್ಲ ತೀರಿಕೊಳ್ಳುವವರೆಗೆ ನಮ್ಮ ಮನೆಗೆ ಬರುವವರು ದಯವಿಟ್ಟು ಸಿಹಿ ತರಬೇಡಿ. ತರಲೇಬೇಕೆಂದರೆ ಹಿತ್ತಿಲ ಬಾಗಿಲಿಂದ ಬನ್ನಿ.